ಗೋಡೆ ದಾಟಿ ಬರುವ ರೊಟ್ಟಿ ಸದ್ದು: ದನಿ ಯಾವ ವಸ್ತುವಿನಲ್ಲಿ ಹೇಗೆ ಓಡುತ್ತದೆ, ಮನೆಯಲ್ಲೇ ಅಳೆದು ನೋಡುವ ಬಗೆ

ಧಾರವಾಡದಲ್ಲಿ ನಮ್ಮದು ಹಳೇ ಕಾಲದ ಜೋಡು ಮನೆ. ಎರಡಕ್ಕೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ಕಾಕು ಜೋಳದ ರೊಟ್ಟಿ ಬಡಿಯಲು ಶುರು ಮಾಡುತ್ತಾರೆ. ಟಪ್ ಟಪ್ ಟಪ್. ಆ ಸದ್ದು ನನ್ನ ತಲೆದಿಂಬಿನವರೆಗೆ ಬರುತ್ತದೆ. ಅದೇ ಕಾಕು ಅದೇ ಅಡುಗೆಮನೆಯಲ್ಲಿ ನಿಂತು ಮೊಮ್ಮಗನಿಗೆ ಬೈದರೆ ಒಂದು ಮಾತೂ ಕೇಳಿಸುವುದಿಲ್ಲ. ಕಾಕು ದನಿ ಸಣ್ಣದೇನಲ್ಲ, ಓಣಿಯ ಆ ತುದಿಗೆ ಮುಟ್ಟುತ್ತೆ. ಹಾಗಿದ್ದರೆ ಗೋಡೆ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವುದು ಹೇಗೆ?

ಇದನ್ನು ತಿಳಿಯಲು ಒಂದು ದಿನ ಹಿತ್ತಲ ಕಡೆಯಿಂದ ಗೋಡೆಗೆ ಕಿವಿ ಹಚ್ಚಿ ನಿಂತಿದ್ದೆ. ಕಾಕು ನೋಡಿಬಿಟ್ಟರು.

"ಏನಪಾ ಇದು, ಮುಂಜಾನೆ ಎದ್ದು ಗ್ವಾಡಿಗೆ ಕಿವಿ ಹಚ್ಚಿ ನಿಂತೀಯಲ್ಲ?"

"ರೊಟ್ಟಿ ಸಪ್ಪಳ ಕೇಳಾಕತ್ತೇನ್ರಿ ಕಾಕು."

"ಹಸಿವಾಗಿದ್ರ ಬಾಯಿಬಿಟ್ಟು ಕೇಳಬೇಕಪಾ," ಅಂತ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಳಿಸಿದರು.

ಅಲ್ಲಿಂದ ಶುರುವಾದದ್ದು ಈ ಪ್ರಯೋಗಗಳು. ನನ್ನ ಜೊತೆಗೆ ಅಕ್ಕನ ಮಗ, ಒಂಬತ್ತನೇ ತರಗತಿಯವನು. ನೀವೂ ಒಂದೆರಡು ರವಿವಾರಗಳಲ್ಲಿ ಎಲ್ಲವನ್ನೂ ಮಾಡಿ ಮುಗಿಸಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದನಿ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದು ಒಂದು ಪ್ರಶ್ನೆ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುತ್ತದೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ. ನಾವು ಶಾಲೆಯಲ್ಲಿ ಮೊದಲನೆಯದನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಮರೆತುಬಿಡುತ್ತೇವೆ. ರೊಟ್ಟಿ ಸದ್ದಿನ ಗುಟ್ಟು ಇರುವುದು ಎರಡನೆಯದರಲ್ಲಿ.

ಬೇಕಾಗುವ ಸಾಮಾನು

ಎರಡು ಮೊಬೈಲ್, ಅಳತೆ ಟೇಪು, ನಾಲ್ಕು ಪೇಪರ್ ಕಪ್, ಹೂ ಕಟ್ಟುವ ದಾರ, ಒಂದು ಸ್ಟೀಲ್ ಸೌಟು, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ, ಉದ್ದನೆಯ ಟ್ರೇ, ಸಣ್ಣ ರೇಡಿಯೋ ಇದ್ದರೆ ಅದೂ. ಮೊಬೈಲ್‌ಗೆ ಫೈಫಾಕ್ಸ್ (phyphox) ಅನ್ನುವ ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಮೊಬೈಲ್‌ನ ಮೈಕನ್ನೇ ಅಳತೆಯ ಉಪಕರಣ ಮಾಡುತ್ತದೆ.

ಹಂತ 1: ಗಾಳಿಯಲ್ಲಿ ವೇಗ ಅಳೆಯಿರಿ, ಬರೀ ಚಪ್ಪಾಳೆಯಿಂದ

ಎದುರಿಗೆ ದೊಡ್ಡ ಬೋಳು ಗೋಡೆ, ಸುತ್ತ ಬಯಲು ಇರುವ ಜಾಗ ಹುಡುಕಿ. ನಮಗೆ ಸಿಕ್ಕಿದ್ದು ಅಮರಗೋಳದ ಕಡೆ ಒಂದು ಗೋದಾಮು. ಗೋಡೆಯಿಂದ ಸರಿಯಾಗಿ 60 ಮೀಟರ್ ಅಳೆದು ಗೆರೆ ಹಾಕಿಕೊಂಡು ನಿಲ್ಲಿ. ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಸ್ವಲ್ಪ ತಡೆದು ಗೋಡೆಯಿಂದ ಪ್ರತಿಧ್ವನಿ ಬರುತ್ತದೆ.

ಈಗ ಒಂದೇ ತಾಳದಲ್ಲಿ ಚಪ್ಪಾಳೆ ಹೊಡೆಯುತ್ತಾ ಹೋಗಿ. ಪ್ರತಿಧ್ವನಿ ಎರಡು ಚಪ್ಪಾಳೆಗಳ ಸರಿಯಾಗಿ ನಡುವೆ ಬೀಳಬೇಕು. ಚಪ್ಪಾಳೆ, ಪ್ರತಿಧ್ವನಿ, ಚಪ್ಪಾಳೆ, ಪ್ರತಿಧ್ವನಿ: ಗಡಿಯಾರದ ಲೋಲಕದ ಹಾಗೆ. ತಬಲಾ ಕಲಿತವರಿಗೆ ಇದು ಎರಡೇ ನಿಮಿಷದಲ್ಲಿ ಕೈಗೆ ಹತ್ತುತ್ತದೆ, ನನಗೆ ಹತ್ತು ನಿಮಿಷ ಬೇಕಾಯಿತು. ತಾಳ ಕೂತ ಮೇಲೆ ಜೊತೆಗಾರ ಗಡಿಯಾರ ಒತ್ತಿ, 20 ಸಂದುಗಳಿಗೆ ಎಷ್ಟು ಸೆಕೆಂಡ್ ಆಯಿತು ನೋಡಲಿ.

ಲೆಕ್ಕ ಹೀಗೆ. ದನಿ ಗೋಡೆಗೆ ಹೋಗಿ ಬರಲು 120 ಮೀಟರ್. ಎರಡು ಚಪ್ಪಾಳೆಗಳ ನಡುವೆ ಅದರ ಎರಡರಷ್ಟು ಸಮಯ, ಅಂದರೆ 240 ಮೀಟರಿನ ಓಟ. 20 ಸಂದಿಗೆ 4800 ಮೀಟರ್. ಅದನ್ನು ಸೆಕೆಂಡಿನಿಂದ ಭಾಗಿಸಿ.

ನಮಗೆ ಮೊದಲ ಸಲ 13 ಸೆಕೆಂಡ್ ಚಿಲ್ಲರೆ ಬಂದು, ವೇಗ ಸೆಕೆಂಡಿಗೆ 368 ಮೀಟರ್ ಅಂತ ಬಂತು. ಜಾಸ್ತಿ ಆಯಿತಲ್ಲ ಅಂತ ಟೇಪು, ಗಡಿಯಾರ ಎಲ್ಲವನ್ನೂ ಅನುಮಾನಿಸಿದೆ. ಕಡೆಗೆ ಹುಡುಗನೇ ಹಿಡಿದ: "ಮಾಮಾ, ನಾ 20 ಚಪ್ಪಾಳೆ ಎಣಿಸೀನಿ. ಸಂದು 19 ಅದಾವ." ಬೇಲಿಗೆ 20 ಕಂಬ ನೆಟ್ಟರೆ ನಡುವಿನ ಅಂಕಣ 19 ಅಲ್ವಾ, ಅದೇ ತಪ್ಪು. ಮೊದಲ ಚಪ್ಪಾಳೆಯನ್ನು ಸೊನ್ನೆ ಅಂತ ಎಣಿಸಿ, ಸರಿಹೋಗುತ್ತದೆ. ತಿದ್ದಿದ ಮೇಲೆ ಬಂದದ್ದು ಸುಮಾರು 350.

ಪುಸ್ತಕದಲ್ಲಿ 343 ಅಂತ ಇರುತ್ತದೆ. ಅದು 20 ಡಿಗ್ರಿ ಸೆಲ್ಸಿಯಸ್‌ಗೆ. ಸೊನ್ನೆ ಡಿಗ್ರಿಯಲ್ಲಿ 331, ಆಮೇಲೆ ಒಂದೊಂದು ಡಿಗ್ರಿಗೆ 0.6 ಮೀಟರ್ ಏರುತ್ತದೆ. ನಾವು ಅಳೆದಾಗ 31 ಡಿಗ್ರಿ ಇತ್ತು, ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಜನವರಿಯ ನಸುಕಿನಲ್ಲಿ 15 ಡಿಗ್ರಿ ಇದ್ದರೆ 340, ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ 38 ಡಿಗ್ರಿ ಆದರೆ 354. ಬಿಸಿ ಗಾಳಿಯ ಅಣುಗಳು ಚುರುಕಾಗಿ ಓಡಾಡುತ್ತವೆ, ಹೊಡೆತವನ್ನು ಬೇಗ ದಾಟಿಸುತ್ತವೆ. ಬಾನ್ಸುರಿ ನುಡಿಸುವವರನ್ನು ಕೇಳಿ ನೋಡಿ: ಸೆಕೆಯಲ್ಲಿ ಕೊಳಲಿನ ಸ್ವರ ಏರುತ್ತದೆ.

ಚಳಿಗಾಲದ ಬೆಳಗಿನ ಜಾವ ದೂರದ ರೈಲಿನ ಶಿಳ್ಳೆ ಕಿವಿ ಪಕ್ಕದಲ್ಲೇ ಊದಿದ ಹಾಗೆ ಕೇಳಿಸುತ್ತದೆ, ಮಧ್ಯಾಹ್ನ ಕೇಳಿಸುವುದೇ ಇಲ್ಲ. ಇದಕ್ಕೂ ಇದೇ ಕಾರಣ. ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಅಲೆಯ ಮೇಲಿನ ಭಾಗ ಮುಂದೆ ಓಡಿ, ಕೆಳಗಿನದು ಹಿಂದುಳಿದು, ಇಡೀ ಅಲೆ ನೆಲದ ಕಡೆಗೆ ಬಾಗುತ್ತದೆ. ಮಧ್ಯಾಹ್ನ ಇದು ಉಲ್ಟಾ ಆಗಿ ದನಿ ಆಕಾಶದ ಕಡೆಗೆ ಹೋಗುತ್ತದೆ. ಊರಿನ ಗದ್ದಲ ಕಡಿಮೆ ಇರುವುದೂ ಒಂದು ಕಾರಣ, ಆದರೆ ಅದೊಂದೇ ಅಲ್ಲ.

ಬಯಲು ಸಿಗದವರು ಮನೆಯ ಪಡಸಾಲೆಯಲ್ಲೇ ಅಳೆಯಬಹುದು. ಎರಡು ಮೊಬೈಲ್‌ಗಳನ್ನು 5 ಮೀಟರ್ ದೂರ ಇಡಿ. ಫೈಫಾಕ್ಸ್‌ನಲ್ಲಿ ಸದ್ದಿನಿಂದ ಶುರುವಾಗಿ ಸದ್ದಿನಿಂದ ನಿಲ್ಲುವ ಗಡಿಯಾರ ಇದೆ, ಎರಡರಲ್ಲೂ ಅದನ್ನು ಚಾಲೂ ಮಾಡಿ. ಮೊದಲ ಮೊಬೈಲ್ ಪಕ್ಕ ಒಬ್ಬರು ಚಪ್ಪಾಳೆ ಹೊಡೆಯಲಿ, ಒಂದೆರಡು ಸೆಕೆಂಡ್ ಬಿಟ್ಟು ಎರಡನೆಯದರ ಪಕ್ಕ ಇನ್ನೊಬ್ಬರು. ಎರಡೂ ತೋರಿಸುವ ಸಮಯದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, 0.029 ಸೆಕೆಂಡಿನ ಆಸುಪಾಸು. 10 ಮೀಟರನ್ನು ಆ ವ್ಯತ್ಯಾಸದಿಂದ ಭಾಗಿಸಿ. ಫ್ಯಾನ್ ಆರಿಸಿ, ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ.

ಹಂತ 2: ಗಟ್ಟಿ ವಸ್ತುವಿನಲ್ಲಿ ಯಾಕೆ ವೇಗ ಜಾಸ್ತಿ

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ಪಾಳಿ ಹಚ್ಚಿ ನಿಂತಿದ್ದೀರಿ ಅಂದುಕೊಳ್ಳಿ. ಹಿಂದಿನಿಂದ ಒಬ್ಬ ನೂಕಿದ. ಜನ ಒಬ್ಬರಿಗೊಬ್ಬರು ಬಿಗಿಯಾಗಿ ಒತ್ತಿ ನಿಂತಿದ್ದರೆ ಆ ನೂಕು ತಕ್ಷಣ ಮುಂದಿನವನಿಗೆ ಮುಟ್ಟುತ್ತದೆ. ಸಡಿಲವಾಗಿ ನಿಂತಿದ್ದರೆ ಒಬ್ಬ ವಾಲಿ, ಇನ್ನೊಬ್ಬನಿಗೆ ತಾಗಿ, ನಿಧಾನ. ಈಗ ಪ್ರತಿಯೊಬ್ಬರ ತಲೆ ಮೇಲೂ ಒಂದೊಂದು ಜೋಳದ ಚೀಲ ಹೊರಿಸಿ. ನೂಕಿದರೂ ಯಾರೂ ಬೇಗ ಕದಲುವುದಿಲ್ಲ. ಗಮನಿಸಿ, ಇಲ್ಲಿ ಜನ ಯಾರೂ ಜಾಗ ಬಿಟ್ಟು ಹೋಗಲಿಲ್ಲ, ನೂಕು ಮಾತ್ರ ಹೋಯಿತು. ಅದೇ ಅಲೆ.

ಅಂದರೆ ವೇಗ ನಿರ್ಧರಿಸುವುದು ಎರಡು: ಬಿಗಿತನ ವೇಗ ಹೆಚ್ಚಿಸುತ್ತದೆ, ಭಾರ ವೇಗ ತಗ್ಗಿಸುತ್ತದೆ. ಬಿಗಿತನವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ.

"ಸಾಂದ್ರತೆ ಜಾಸ್ತಿ ಇದ್ದಷ್ಟೂ ದನಿ ವೇಗ" ಅಂತ ಎಷ್ಟೋ ಗೈಡುಗಳಲ್ಲಿ ಇರುತ್ತದೆ. ಇದು ತಪ್ಪು, ನನ್ನ ಅಳಿಯನೂ ಅದನ್ನೇ ಬರೆದು ಪೂರ್ತಿ ಅಂಕ ತಂದಿದ್ದಾನೆ. ಸೀಸ ಉಕ್ಕಿಗಿಂತ ಎಷ್ಟೋ ಭಾರ, ಆದರೆ ಸೀಸದ ಸರಳಿನಲ್ಲಿ ದನಿ ಸೆಕೆಂಡಿಗೆ ಸುಮಾರು 1200 ಮೀಟರ್, ಉಕ್ಕಿನ ಸರಳಿನಲ್ಲಿ 5000. ಸೀಸ ಮೆದು, ಅದಕ್ಕೇ ಹಾಗೆ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ಭಾರ, ಬಿಗಿತನವೂ ಮೂರನೇ ಒಂದು ಪಾಲು. ಹೀಗಾಗಿ ಎರಡರಲ್ಲೂ ವೇಗ ಹೆಚ್ಚುಕಡಿಮೆ ಒಂದೇ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಆದರೂ ಎರಡರಲ್ಲೂ ದನಿ 1450ರಿಂದ 1480ರ ಒಳಗೆ. ಹೀಲಿಯಂ ಗಾಳಿಗಿಂತ ಹಗುರ, ಅದರಲ್ಲಿ ದನಿ ಸೆಕೆಂಡಿಗೆ ಹತ್ತಿರ ಹತ್ತಿರ 1000 ಮೀಟರ್.

ಗಟ್ಟಿ ವಸ್ತು ಅಂದ ಕೂಡಲೇ ವೇಗ ಅಂತಲೂ ಅಲ್ಲ. ಒಣಗಿ ಸಡಿಲವಾದ ಮಣ್ಣಿನಲ್ಲಿ ಅಲೆ ಗಾಳಿಗಿಂತ ನಿಧಾನ ಹೋಗುವುದೂ ಉಂಟು. ಬೇಸಿಗೆಯಲ್ಲಿ ಬಿರುಕು ಬಿಟ್ಟ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲ ನೆನಪಿಸಿಕೊಳ್ಳಿ: ಕಣ ಕಣದ ನಡುವೆ ಗಾಳಿ, ನೂಕು ದಾಟಿಸಲು ಬಿಗಿತನವೇ ಇಲ್ಲ. ಕಟ್ಟಿಗೆಯಲ್ಲಿ ಇನ್ನೊಂದು ತಮಾಷೆ ಇದೆ. ನಾರಿನ ಉದ್ದಕ್ಕೆ ದನಿ ಸೆಕೆಂಡಿಗೆ 4000 ಮೀಟರ್ ಹತ್ತಿರ ಓಡುತ್ತದೆ, ಅಡ್ಡಕ್ಕೆ ಅದರ ಅರ್ಧವೂ ಇಲ್ಲ.

ಈ ಅಂಕಿಗಳು ಕಣ್ಣಿಗೆ ಕಟ್ಟಬೇಕು ಅಂದರೆ ಹುಬ್ಬಳ್ಳಿ ರೈಲು ನಿಲ್ದಾಣ ನೆನಪಿಸಿಕೊಳ್ಳಿ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. ಆ ತುದಿಯಲ್ಲಿ ಹಳಿಗೆ ಸುತ್ತಿಗೆ ಬಿದ್ದರೆ, ಬೆಳಕು ಈ ತುದಿಗೆ ಬರಲು ಸೆಕೆಂಡಿನ 2 ಲಕ್ಷದಲ್ಲಿ ಒಂದು ಪಾಲು ಸಾಕು. ಉಕ್ಕಿನ ಹಳಿಯೊಳಗಿನ ದನಿಗೆ 0.3 ಸೆಕೆಂಡ್. ಗಾಳಿಯಲ್ಲಿ ಬರುವ ದನಿಗೆ 4.3 ಸೆಕೆಂಡ್. ಇದು ಲೆಕ್ಕ ಹಾಕಿ ನೋಡಲು ಮಾತ್ರ. ಹಳಿಗೆ ಕಿವಿ ಇಡುವ ಕೆಲಸ ಯಾರೂ ಮಾಡಬೇಡಿ. ಜೀವಕ್ಕೂ ಅಪಾಯ, ಕಾನೂನಿಗೂ ವಿರುದ್ಧ.

ಅಂಥದ್ದೇ ಪ್ರಯೋಗವನ್ನು 1808ರಲ್ಲಿ ಪ್ಯಾರಿಸ್ಸಿನಲ್ಲಿ ಬಿಯೋ ಅನ್ನುವ ವಿಜ್ಞಾನಿ ಮಾಡಿಯಾಗಿದೆ. ಎರಕದ ಕಬ್ಬಿಣದ ನೀರಿನ ಕೊಳವೆ, 951 ಮೀಟರ್ ಉದ್ದ. ಒಂದು ತುದಿಗೆ ಹೊಡೆದರೆ ಇನ್ನೊಂದು ತುದಿಯಲ್ಲಿ ಎರಡು ಸದ್ದು ಕೇಳಿಸಿತು: ಮೊದಲು ಕಬ್ಬಿಣದ್ದು, ಎರಡೂವರೆ ಸೆಕೆಂಡ್ ಬಿಟ್ಟು ಗಾಳಿಯದು. ನೀವು ಇದನ್ನು ಉದ್ಯಾನದ ಉದ್ದನೆಯ ಕಬ್ಬಿಣದ ಕಟಾಂಜನದ ಮೇಲೆ ನೋಡಬಹುದು. ಜೋಡಣೆ ಕಡಿಯದೆ 40 ಮೀಟರಾದರೂ ಇರಬೇಕು, ಇಲ್ಲದಿದ್ದರೆ ಎರಡು ಸದ್ದೂ ಒಂದೇ ಆಗಿ ಕೇಳಿಸುತ್ತವೆ. ಒಂದು ಕಿವಿ ಕಂಬಿಗೆ, ಇನ್ನೊಂದು ಬಯಲಿಗೆ. ಟಕ್-ಟಕ್ ಅಂತ ಎರಡು ಕೇಳಿಸಿದಾಗ ನಿಜಕ್ಕೂ ಮೈ ಜುಂ ಅನ್ನುತ್ತದೆ.

ನೀರಿನದು 1826ರ ಕಥೆ. ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಅನ್ನುವ ವಿಜ್ಞಾನಿಗಳು ಎರಡು ದೋಣಿಗಳನ್ನು 13 ಕಿ.ಮೀ.ಗೂ ಹೆಚ್ಚು ದೂರ ನಿಲ್ಲಿಸಿದರು. ಒಂದು ದೋಣಿಯಲ್ಲಿ ನೀರೊಳಗಿನ ಗಂಟೆ ಬಾರಿಸಿದ ಕ್ಷಣಕ್ಕೇ ಮದ್ದಿನ ಪುಡಿ ಹೊತ್ತಿ ಬೆಳಕು. ಇನ್ನೊಂದು ದೋಣಿಯವರು ಬೆಳಕು ನೋಡಿ ಗಡಿಯಾರ ಒತ್ತಿ, ನೀರಿಗೆ ಇಳಿಬಿಟ್ಟ ಕೊಳವೆಗೆ ಕಿವಿ ಇಟ್ಟರು. ಬಂದ ಉತ್ತರ ಸೆಕೆಂಡಿಗೆ 1435 ಮೀಟರ್. ಇಂದಿನ ಅಳತೆಗೂ ಅದಕ್ಕೂ ತೀರಾ ಕಡಿಮೆ ಅಂತರ.

ಹಂತ 3: ದಾರದ ಫೋನು, ಸರಿಯಾಗಿ ಮಾಡಿದರೆ

ಎಲ್ಲರೂ ಚಿಕ್ಕವರಿದ್ದಾಗ ಮಾಡಿರುತ್ತಾರೆ, ಬಹಳ ಜನಕ್ಕೆ ಸರಿಯಾಗಿ ಕೇಳಿಸಿರುವುದಿಲ್ಲ. ಕಪ್ಪಿನ ತಳಕ್ಕೆ ಸೂಜಿಯಿಂದಲೇ ತೂತು ಮಾಡಿ, ಪೆನ್ನಿನಿಂದ ಬೇಡ. ದಾರ ಒಳಗೆ ಹಾಕಿ ಅರ್ಧ ಮುರಿದ ಬೆಂಕಿಕಡ್ಡಿಗೆ ಗಂಟು ಹಾಕಿ. ದಾರ 10 ಮೀಟರ್ ಇರಲಿ. ಗಾಳಿಪಟದ ಮಾಂಜಾ ಬೇಡ, ಕೈ ಕತ್ತರಿಸುತ್ತದೆ.

ದಾರ ಬಿಗಿಯಾಗಿ ಎಳೆದು ಮಾತಾಡಿ, ಸ್ಪಷ್ಟ. ಸ್ವಲ್ಪ ಸಡಿಲ ಬಿಡಿ, ಸತ್ತುಹೋಯಿತು. ಸಡಿಲ ದಾರ ನೂಕನ್ನು ಮುಂದಕ್ಕೆ ಒಯ್ಯಲಾರದು, ಸುಮ್ನೆ ಬಾಗುತ್ತದೆ. ಈಗ ದಾರ ಬಿಗಿ ಇದ್ದಾಗಲೇ ಮೂರನೆಯವರು ನಡುವೆ ಎರಡು ಬೆರಳಿಂದ ಮೆತ್ತಗೆ ಹಿಡಿಯಲಿ. ಮಾತು ನಿಂತುಹೋಗುತ್ತದೆ. ಬೆರಳಿನ ಮೆದು ಮಾಂಸ ಕಂಪನವನ್ನು ಕುಡಿದುಬಿಡುತ್ತದೆ. ಹೂ ದಾರ, ನೈಲಾನ್, ಉಣ್ಣೆ ಮೂರನ್ನೂ ಹಾಕಿ ನೋಡಿ. ನಮ್ಮಲ್ಲಿ ನೈಲಾನ್ ಗೆದ್ದಿತು, ಉಣ್ಣೆಯಲ್ಲಿ ಗೊಣಗಾಟ ಮಾತ್ರ ಕೇಳಿಸಿತು.

ಹಂತ 4: ಸೌಟಿನೊಳಗಿನ ಗುಡಿ ಗಂಟೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಪ್ರಯೋಗ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಒಂದು ಮೀಟರ್ ದಾರದ ನಡುವಿಗೆ ಸ್ಟೀಲ್ ಸೌಟಿನ ಹಿಡಿ ಕಟ್ಟಿ. ದಾರದ ಎರಡು ತುದಿಯನ್ನು ಎರಡು ತೋರುಬೆರಳಿಗೆ ಎರಡೆರಡು ಸುತ್ತು ಸುತ್ತಿ. ಸೌಟನ್ನು ಮೇಜಿನ ಅಂಚಿಗೆ ತೂಗಿ ಹೊಡೆಯಿರಿ. "ಟಿಣ್" ಅಂತ ತೆಳ್ಳನೆಯ ಸದ್ದು. ಈಗ ಅದೇ ಬೆರಳುಗಳನ್ನು ಕಿವಿಗೆ ಮೆತ್ತಗೆ ಒತ್ತಿ, ಸ್ವಲ್ಪ ಬಾಗಿ, ಮತ್ತೆ ಹೊಡೆಯಿರಿ.

ಅಳಿಯ ಕಣ್ಣು ದೊಡ್ಡದು ಮಾಡಿ ನೋಡಿದ. "ಮಾಮಾ, ಇದು ಗುಡಿ ಗಂಟಿ ಐತಿ!" ಅಂತ ಕೂಗಿದ. ಕಿವಿ ಮುಚ್ಚಿಕೊಂಡಿದ್ದನಲ್ಲ, ತಾನು ಎಷ್ಟು ಜೋರಾಗಿ ಕೂಗಿದೆ ಅಂತ ಅವನಿಗೇ ಗೊತ್ತಾಗಲಿಲ್ಲ.

ಅದೇ ಸೌಟು, ಅದೇ ಹೊಡೆತ. ಹಾಗಾದರೆ ಆ ಗಂಟೆ ಮೊದಲು ಎಲ್ಲಿತ್ತು? ಸೌಟಿನೊಳಗೇ ಇತ್ತು, ಹೊರಗೆ ಬರಲು ದಾರಿ ಇರಲಿಲ್ಲ. ಸಣ್ಣ ಸೌಟು ಅಲುಗಿದರೆ ಎಷ್ಟು ಗಾಳಿಯನ್ನು ತಳ್ಳೀತು? ಅದರಲ್ಲೂ ಕೆಳಗಿನ ಸ್ವರಗಳನ್ನು ಗಾಳಿಗೆ ದಾಟಿಸುವುದು ಸಣ್ಣ ವಸ್ತುವಿಗೆ ಬಹಳ ಕಷ್ಟ. ದಾರ, ಬೆರಳು, ಎಲುಬು ಅಂತ ಗಟ್ಟಿ ದಾರಿ ಸಿಕ್ಕ ಕೂಡಲೇ ಅದೆಲ್ಲ ಕಿವಿಯೊಳಗೆ ಬಂತು. ದಾರದ ಬದಲು ರಬ್ಬರ್ ಬ್ಯಾಂಡ್ ಕಟ್ಟಿ ನೋಡಿ, ಗಂಟೆ ಮಾಯ.

ಹಂತ 5: ಗಡಿ ದಾಟುವ ಲೆಕ್ಕ

ಒಂದು ವಸ್ತುವಿನ ಸಾಂದ್ರತೆಯನ್ನು ಅದರಲ್ಲಿ ದನಿಯ ವೇಗದಿಂದ ಗುಣಿಸಿ. ಇದಕ್ಕೆ ಇಂಪಿಡೆನ್ಸ್ ಅನ್ನುತ್ತಾರೆ. ಗಾಳಿಗೆ ಸುಮಾರು 410. ನೀರಿಗೆ 15 ಲಕ್ಷ. ಉಕ್ಕಿಗೆ 4.6 ಕೋಟಿ. ಎರಡು ವಸ್ತುಗಳ ಈ ಅಂಕಿ ಹತ್ತಿರ ಇದ್ದರೆ ದನಿ ಸಲೀಸಾಗಿ ದಾಟುತ್ತದೆ. ದೂರ ಇದ್ದರೆ ಗಡಿಯಲ್ಲೇ ಮುಖ ತಿರುಗಿಸಿ ವಾಪಸ್. ಗಾಳಿಯಿಂದ ನೀರಿಗೆ ನೆಟ್ಟಗೆ ಬಿದ್ದ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಹೀಗಾಗಿ ಉಣಕಲ್ ಕೆರೆ ದಂಡೆಯ ಮೇಲೆ ನಿಂತು ನೀವು ಎಷ್ಟೇ ಕೂಗಿದರೂ ಮೀನಿಗೆ ಅಷ್ಟೇನೂ ತೊಂದರೆ ಇಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಾರಲ್ಲ, ಅದು ಈ ಕಾರಣಕ್ಕೇ. ಉಪಕರಣ ಮತ್ತು ಚರ್ಮದ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ದನಿ ಅಲ್ಲೇ ವಾಪಸ್. ರೈಲು ಹಳಿಯಲ್ಲಿ ಒಳಗಿನ ಬಿರುಕು ಹುಡುಕಲು ಹಳಿ ಮೇಲೆ ತಳ್ಳಿಕೊಂಡು ಹೋಗುವ ಸಣ್ಣ ಟ್ರಾಲಿ ಇರುತ್ತದೆ. ಸೆಕೆಂಡಿಗೆ 20ರಿಂದ 40 ಲಕ್ಷ ಸಲ ಕಂಪಿಸುವ, ನಮ್ಮ ಕಿವಿಗೆ ಕೇಳಿಸದ ದನಿಯನ್ನು ಹಳಿಯೊಳಗೆ ಬಿಡುತ್ತದೆ. ಅದರಲ್ಲಿ ನೀರಿನ ಟಾಕಿಯೂ ಇರುತ್ತದೆ: ಜೆಲ್ ಮಾಡುವ ಕೆಲಸವನ್ನು ಅಲ್ಲಿ ನೀರು ಮಾಡುತ್ತದೆ. ಬಿರುಕು ಅಂದರೆ ಉಕ್ಕಿನ ನಡುವೆ ಸಿಕ್ಕ ಗಾಳಿ, ಅಲ್ಲಿಂದ ದನಿ ಹಿಂದಕ್ಕೆ ಪುಟಿಯುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವ ನಮ್ಮಜ್ಜಿಯ ಲೆಕ್ಕವೂ ಇದರ ಹತ್ತಿರದ್ದೇ. ಗಡಿಗೆಯ ಸೀಳು ಕಣ್ಣಿಗೆ ಕಾಣದಿದ್ದರೂ ದನಿ ಒಡೆದಿರುತ್ತದೆ.

ಇನ್ನು ತಂಬೂರಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿದ ಊರಿನಲ್ಲಿ ಕೂತು ದನಿಯ ಬಗ್ಗೆ ಬರೆದು ತಂಬೂರಿ ಬಿಟ್ಟರೆ ಹೇಗೆ? ಬರೀ ತಂತಿಯನ್ನು ಎರಡು ಮೊಳೆಗೆ ಕಟ್ಟಿ ಮೀಟಿ, ಸೊಳ್ಳೆ ದನಿ. ಸಣ್ಣ ತಂತಿ ಗಾಳಿಯನ್ನು ಸೀಳುತ್ತದೆಯೇ ಹೊರತು ತಳ್ಳುವುದಿಲ್ಲ. ತಂಬೂರಿಯಲ್ಲಿ ತಂತಿ ಕುದುರೆ ಅನ್ನುವ ಸಣ್ಣ ಸೇತುವೆಯ ಮೇಲೆ ಕೂತಿರುತ್ತದೆ, ಕುದುರೆ ತೆಳುವಾದ ಹಲಗೆಯ ಮೇಲೆ, ಹಲಗೆಯ ಹಿಂದೆ ಸೋರೆ ಬುರುಡೆ. ಮೆಟ್ಟಿಲು ಇಳಿದ ಹಾಗೆ ಕಂಪನ ಒಂದೊಂದೇ ಗಡಿ ದಾಟಿ, ಅಗಲವಾಗುತ್ತಾ ಗಾಳಿಗೆ ಬರುತ್ತದೆ. ಗಡಿಯನ್ನು ಪೂರ್ತಿ ತೆರೆದರೂ ಕಷ್ಟ: ತಂತಿಯ ಶಕ್ತಿ ಒಂದೇ ಕ್ಷಣದಲ್ಲಿ ಖಾಲಿಯಾಗಿ ಸ್ವರ ಉಳಿಯುವುದಿಲ್ಲ. ಪೂರ್ತಿ ಮುಚ್ಚಿದರೆ ಕೇಳಿಸುವುದಿಲ್ಲ. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಅನ್ನುವುದೇ ತಂಬೂರಿ ಮಾಡುವ ಮಿರಜಿನ ಕುಶಲಕರ್ಮಿಗಳ ಕೈಚಳಕ. ಕುದುರೆ ಮತ್ತು ತಂತಿಯ ನಡುವೆ ಸಣ್ಣ ದಾರ ಸಿಕ್ಕಿಸಿ ಜವಾರಿ ಹಿಡಿಯುತ್ತಾರಲ್ಲ, ಅದೂ ಗಡಿಯ ಆಟವೇ. ತಂತಿ ಕುದುರೆಯ ಮೈಗೆ ಸವರುತ್ತಾ ಮೇಲಿನ ಸ್ವರಗಳನ್ನು ಎಬ್ಬಿಸುತ್ತದೆ. (ಈ ಜವಾರಿ ಬೇರೆ, ನಮ್ಮ ಜವಾರಿ ಸೌತೆಕಾಯಿ ಬೇರೆ.)

ತಂಬೂರಿ ಇದ್ದವರು ಮೀಟಿ, ಗಲ್ಲವನ್ನು ದಂಡಿಗೆ ತಾಗಿಸಿ ಕೇಳಿ. ಇಲ್ಲದವರು ಮೊಬೈಲ್ ಅನ್ನು ವೈಬ್ರೇಟ್ ಮೋಡಿಗೆ ಹಾಕಿ ಮೊದಲು ದಿಂಬಿನ ಮೇಲೆ, ಆಮೇಲೆ ಖಾಲಿ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಇಟ್ಟು ಕರೆ ಮಾಡಿಸಿ.

ಹಂತ 6: ಯಾವುದು ತಡೆಯುತ್ತದೆ, ಯಾವುದು ಹೀರುತ್ತದೆ

ಒಂದು ಮೊಬೈಲ್‌ನಲ್ಲಿ ಫೈಫಾಕ್ಸ್‌ನಿಂದ 300 ಹರ್ಟ್ಸ್ (ಸೆಕೆಂಡಿಗೆ 300 ಕಂಪನ), ಆಮೇಲೆ 3000 ಹರ್ಟ್ಸ್ ಸ್ವರ ಹಾಕಿ ರಟ್ಟಿನ ಪೆಟ್ಟಿಗೆಯೊಳಗೆ ಇಡಿ. ಅರ್ಧ ಮೀಟರ್ ದೂರದ ಇನ್ನೊಂದು ಮೊಬೈಲ್‌ನಿಂದ ಸದ್ದಿನ ಮಟ್ಟ ನೋಡಿ. ಪೆಟ್ಟಿಗೆಗೆ ಹತ್ತಿ, ಕೌದಿ, ಥರ್ಮೋಕೋಲ್, ಮರಳು ತುಂಬಿದ ಚೀಲ ಹೀಗೆ ಒಂದೊಂದನ್ನೇ ಹೊದಿಸಿ.

ಹತ್ತಿ ಮತ್ತು ಕೌದಿ 3000ವನ್ನು ಚೆನ್ನಾಗಿ ಹೀರುತ್ತವೆ, 300ಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಎಳೆಗಳ ನಡುವೆ ಗಾಳಿ ಉಜ್ಜಾಡಿ ದನಿ ಶಾಖವಾಗುತ್ತದೆ, ಆದರೆ ಒಂದು ಮೀಟರಿಗೂ ಉದ್ದದ ಅಲೆಗೆ ಎರಡು ಇಂಚು ಹತ್ತಿ ಯಾವ ಲೆಕ್ಕ? ಮರಳು ಭಾರ, ಎರಡನ್ನೂ ತಡೆಯುತ್ತದೆ. ಥರ್ಮೋಕೋಲ್ ಹೆಚ್ಚುಕಡಿಮೆ ದಂಡ. ರೊಟ್ಟಿ ಸದ್ದು ತಡೆಯಲು ನಾನು ಅಂಗಡಿಯವರ ಮಾತು ಕೇಳಿ ಗೋಡೆಗೆಲ್ಲ ಥರ್ಮೋಕೋಲ್ ಹಾಳೆ ಅಂಟಿಸಿದ್ದೆ. ಆರು ತಿಂಗಳಲ್ಲಿ ಹಲ್ಲಿಗಳಿಗೆ ಒಳ್ಳೇ ಮನೆಯಾಯಿತು.

ಸಂದು ಮುಚ್ಚುವುದನ್ನು ಮರೆಯಬೇಡಿ. ಬಾಗಿಲಿನ ಅಗಲದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ, ಬಾಗಿಲು ಎಷ್ಟೇ ದಪ್ಪ ಇರಲಿ, ಸದ್ದಿನ ಮಟ್ಟದ ಅಳತೆಯಲ್ಲಿ 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲಾರದು.

ಹಂತ 7: ಬೇರೆ ಅಲೆಗಳು

ಟ್ರೇಯಲ್ಲಿ 1 ಸೆಂ.ಮೀ. ನೀರು ಹಾಕಿ ಒಂದು ತುದಿ ಸ್ವಲ್ಪ ಎತ್ತಿ ಬಿಡಿ. ಏಳುವ ಅಲೆ ಆ ತುದಿಗೂ ಈ ತುದಿಗೂ ಓಡಾಡುತ್ತದೆ. 60 ಸೆಂ.ಮೀ. ಟ್ರೇ ಆದರೆ ಒಂದು ಓಟಕ್ಕೆ ಸುಮಾರು 1.9 ಸೆಕೆಂಡ್. ನೀರು 4 ಸೆಂ.ಮೀ. ಮಾಡಿ, ಅರ್ಧಕ್ಕೆ ಇಳಿಯುತ್ತದೆ. ಆಳ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು. 4 ಕಿ.ಮೀ. ಆಳದ ಸಮುದ್ರಕ್ಕೆ ಇದೇ ಲೆಕ್ಕ ಹಾಕಿದರೆ ಗಂಟೆಗೆ 700 ಕಿ.ಮೀ. ದಾಟುತ್ತದೆ. 2004ರ ಸುನಾಮಿ ಅಷ್ಟು ಬೇಗ ದಡ ಮುಟ್ಟಿದ್ದು ಹೀಗೆ.

ಭೂಕಂಪದಲ್ಲಿ ಎರಡು ಬಗೆಯ ಅಲೆ ಒಟ್ಟಿಗೆ ಹೊರಡುತ್ತವೆ. ದನಿಯ ಹಾಗೆ ನೂಕುತ್ತಾ ಹೋಗುವುದು ಬಂಡೆಯಲ್ಲಿ ಸೆಕೆಂಡಿಗೆ 6 ಕಿ.ಮೀ. ಹತ್ತಿರ, ಹಗ್ಗ ಜಾಡಿಸಿದ ಹಾಗೆ ಅಡ್ಡಡ್ಡ ಅಲುಗುವುದು ಮೂರೂವರೆ. 1993ರಲ್ಲಿ ಲಾತೂರ್ ನಡುಗಿದಾಗ, ಅಲ್ಲಿಂದ ಸುಮಾರು 330 ಕಿ.ಮೀ. ದೂರದ ಧಾರವಾಡಕ್ಕೆ ಇವೆರಡರ ನಡುವೆ ಮುಕ್ಕಾಲು ನಿಮಿಷಕ್ಕೆ ತುಸು ಕಡಿಮೆ ಅಂತರ ಇರಬೇಕು ಅಂತ ಲೆಕ್ಕ. ಅಡ್ಡ ಅಲೆ ದ್ರವದಲ್ಲಿ ಹೋಗುವುದಿಲ್ಲ. ಭೂಮಿಯ ಹೊರ ತಿರುಳು ದ್ರವ ಅಂತ ಗೊತ್ತಾದದ್ದು ಆ ಅಲೆ ಅಲ್ಲಿ ಕಾಣೆಯಾದ ಕಾರಣದಿಂದ.

ಕಡೆಗೆ ರೇಡಿಯೋ. ಧಾರವಾಡ ಆಕಾಶವಾಣಿಯನ್ನು ಮೀಡಿಯಂ ವೇವ್ 765 ಕಿಲೋಹರ್ಟ್ಸ್‌ನಲ್ಲಿ ಹಿಡಿದು, ರೇಡಿಯೋವನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ. ಹಾಡು ಕರಗಿ ಬರೀ ಸರಸರ ಉಳಿಯುತ್ತದೆ. ಆ ಸರಸರ ಡಬ್ಬಿಯ ಹೊರಗೆ ಕೇಳಿಸುತ್ತಿದೆ ಅಲ್ವಾ? 392 ಮೀಟರ್ ಉದ್ದದ ರೇಡಿಯೋ ಅಲೆ ಇಟ್ಟಿಗೆ ಗೋಡೆಯನ್ನು ಲೆಕ್ಕಿಸದೆ ಬಂದು, ತೆಳ್ಳನೆಯ ಸ್ಟೀಲ್ ಮುಂದೆ ಸೋತಿತು. ದನಿ ಅದೇ ಸ್ಟೀಲನ್ನು ಅಲುಗಿಸಿ ಹೊರಬಂತು. ಬೆಳಕಿನದು ಮತ್ತೊಂದು ಉಲ್ಟಾ: ದನಿ ನೀರಿನಲ್ಲಿ ನಾಲ್ಕು ಪಟ್ಟಿಗೂ ಜಾಸ್ತಿ ವೇಗ ಪಡೆದರೆ, ಬೆಳಕು ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಒಂದು ಅಲೆಗೆ ಬಾಗಿಲಾದದ್ದು ಇನ್ನೊಂದಕ್ಕೆ ಗೋಡೆ.

ಹಂತ 8: ಮತ್ತೆ ಅದೇ ಗೋಡೆಗೆ

ನಿಮ್ಮ ಮನೆಯ ಯಾವುದೇ ಕಿರಿಕಿರಿ ಸದ್ದಿಗೆ ಮೊದಲು ಕೇಳಬೇಕಾದ್ದು: ಇದು ಗಾಳಿಯಿಂದ ಬರುತ್ತಿದೆಯೋ, ಗಟ್ಟಿ ವಸ್ತುವಿನಿಂದಲೋ? ಪರೀಕ್ಷೆ ಸುಲಭ. ಗೋಡೆಗೆ ಕಿವಿ ಹಚ್ಚಿ. ಸದ್ದು ಒಮ್ಮೆಲೇ ಜೋರಾದರೆ ಅದು ಗೋಡೆಯೊಳಗಿನಿಂದ ಬರುತ್ತಿದೆ. ಹಚ್ಚಿದರೂ ಹೆಚ್ಚದೆ, ಕಿಟಕಿ ಮುಚ್ಚಿದಾಗ ಕಡಿಮೆಯಾದರೆ ಗಾಳಿಯದು.

ಕಾಕು ಬೈಗುಳ ಗಾಳಿಯಲ್ಲಿ ಹುಟ್ಟಿ ಗೋಡೆಗೆ ಬಡಿಯುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅದನ್ನು ಸುಮಾರು 50 ಡೆಸಿಬೆಲ್ ಇಳಿಸುತ್ತದೆ, ಅಂದರೆ ಲಕ್ಷಕ್ಕೆ ಒಂದು ಪಾಲು ಉಳಿಯುತ್ತದೆ. ರೊಟ್ಟಿ ಹಾಗಲ್ಲ. ಅಂಗೈ ನೇರ ಕಲ್ಲಿಗೆ ಬೀಳುತ್ತದೆ, ಕಲ್ಲು ಕಟ್ಟೆಯ ಮೇಲೆ, ಕಟ್ಟೆ ಗೋಡೆಗೆ ಸೇರಿದೆ. ಗಾಳಿಯ ಗಡಿಯನ್ನು ದಾಟುವ ಕೆಲಸವೇ ಇಲ್ಲ. ಈ ಕಡೆ ಇಡೀ ಗೋಡೆ ತಂಬೂರಿಯ ಹಲಗೆಯ ಹಾಗೆ ನನ್ನ ಕೋಣೆಯ ಗಾಳಿಯನ್ನು ತಳ್ಳುತ್ತದೆ. ಅದು ಸಾಲದು ಅಂತ ನನ್ನ ಮಂಚದ ತಲೆಹಲಗೆ ಗೋಡೆಗೆ ಒತ್ತಿಕೊಂಡಿತ್ತು.

ಮಂಚವನ್ನು ನಾಲ್ಕು ಬೆರಳು ಈಚೆಗೆ ಎಳೆದೆ, ಪುಕ್ಕಟೆ ಉಪಾಯ. ದಿಂಬಿನೊಳಗಿನ ಟಪ್ ಟಪ್ ಹೋಯಿತು, ಕೋಣೆಯದು ಉಳಿಯಿತು. ಆಮೇಲೆ ಕಾಕು ಹತ್ತಿರ ಮಾತಾಡಿ ರೊಟ್ಟಿ ಕಲ್ಲಿನ ಕೆಳಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಇಟ್ಟೆವು. "ಕಲ್ಲು ಅಳ್ಳಾಡತೈತೋ ತಮ್ಮಾ, ರೊಟ್ಟಿ ಹರೀತೈತಿ," ಅಂದರು ಮರುದಿನ. ಗೋಣಿ ತೆಗೆದು ಬೆರಳು ದಪ್ಪದ ರಬ್ಬರ್ ಚಾಪೆ ಹಾಕಿದ ಮೇಲೆ ರೊಟ್ಟಿಯೂ ಸರಿಯಾಯಿತು, ಸದ್ದೂ ಇಳಿಯಿತು. ಈಗ ಬರುವುದು ಕಾಕು ಮಿಕ್ಸರ್ ಸಪ್ಪಳ ಮಾತ್ರ. ಗೋಡೆಗೆ ಕಿವಿ ಹಚ್ಚಿ ನೋಡಿದೆ, ಹೆಚ್ಚಲಿಲ್ಲ. ಅದು ಹಿತ್ತಲ ಕಿಟಕಿಯಿಂದ ಬರುತ್ತಿದೆ.